ಬಲೆಗೆ ರಜೆ, ಮದ್ದಿಗೆ ರಜೆಯಿಲ್ಲ

ಪ್ರತಿವರ್ಷ ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ನಮ್ಮ ಕರಾವಳಿಯ ಯಾಂತ್ರೀಕೃತ ಬೋಟುಗಳು ಕಡಲಿಗಿಳಿಯುವಂತಿಲ್ಲ. ಬಹಳಷ್ಟು ಜಾತಿಯ ಮೀನುಗಳು ಮೊಟ್ಟೆಯಿಡುವ, ಮರಿಗಳು ಬೆಳೆಯುವ ಕಾಲವದು. ಆ ಹೊತ್ತಿನಲ್ಲಿ ಬಲೆ ಬೀಸಿದರೆ ನಾಳಿನ ಮೀನನ್ನು ಇವತ್ತೇ ಬಾಚಿಕೊಂಡಂತೆ ಎಂದು ಸರ್ಕಾರ ಹೇಳುತ್ತದೆ. ಸರಿಯಾದ ಮಾತೇ. ಕಡಲಿನವರೂ ಅದನ್ನು ಒಪ್ಪಿಕೊಂಡಿದ್ದಾರೆ. ದಕ್ಕೆ ಖಾಲಿಯಾಗುತ್ತದೆ, ಐಸ್ ಪ್ಲಾಂಟುಗಳ ಸದ್ದು ಅಡಗುತ್ತದೆ, ಕಲಾಸಿಗಳು ತಮ್ಮ ತಮ್ಮ ಊರಿಗೆ ಬಸ್ಸು ಹತ್ತುತ್ತಾರೆ. ಬುಟ್ಟಿ ಹೊತ್ತು ಮನೆಮನೆಗೆ ಮೀನು ಮಾರುವ ಹೆಂಗಸರು ಒಣಮೀನು ಮಾರಿಕೊಂಡು ಎರಡು ತಿಂಗಳು ದೂಡುತ್ತಾರೆ. ಕಡಲಿನ ನಾಳೆಗಾಗಿ ಬಡವರು ತಮ್ಮ ಇವತ್ತನ್ನು ಬಿಟ್ಟುಕೊಡುವ ಇಂಥ ಇನ್ನೊಂದು ಕಾನೂನು ನಮ್ಮ ನಾಡಿನಲ್ಲಿ ಇದೆಯೋ ಇಲ್ಲವೋ.

ಹಾಗಾದರೆ ಅದೇ 61 ದಿನಗಳಲ್ಲಿ ಘಟ್ಟದಿಂದ ಕಡಲಿಗೆ ಏನೇನು ಇಳಿದು ಬರುತ್ತದೆ ಎಂದು ಯಾರಾದರೂ ಕೇಳಿದ್ದಾರೆಯೇ? ನಾವು ಈ ಲೇಖನದಲ್ಲಿ ಕೇಳಬೇಕೆಂದಿರುವುದು ಇಷ್ಟೇ.

ಮೇ ಕೊನೆಯಲ್ಲಿ, ಮಳೆ ಹಿಡಿಯುವ ಮುನ್ನ, ಅಡಿಕೆ ತೋಟಗಳಲ್ಲಿ ಮೊದಲ ಸುತ್ತಿನ ಮದ್ದು ಬಿಡುತ್ತಾರೆ. ನಲವತ್ತು ನಲವತ್ತೈದು ದಿನ ಕಳೆದು, ಮಳೆ ತುಸು ಹೊಳವಾದಾಗ ಎರಡನೆಯ ಸುತ್ತು. ಮಳೆ ಬಿಡುವ ಲಕ್ಷಣ ಕಾಣದಿದ್ದರೆ ಮೂರನೆಯದೂ ಉಂಟು. ಘಟ್ಟದ ಕಾಫಿ ತೋಟಗಳಲ್ಲಿ ಕಾಂಡಕೊರಕಕ್ಕೆ ಮುಂಚೆ ಲಿಂಡೇನ್ ಬಳಿಯುತ್ತಿದ್ದರು, ಆಮೇಲೆ ಕ್ಲೋರ್‌ಪೈರಿಫಾಸ್ ಬಂತು. ಗದ್ದೆಗೆ ಬೇರೆ, ತರಕಾರಿಗೆ ಬೇರೆ. ಈಗ ಆಳು ಸಿಗುವುದಿಲ್ಲವೆಂದು ಕತ್ತಿಯ ಬದಲು ಕಳೆನಾಶಕ. ಇವೆಲ್ಲದರ ಮೇಲೆ ಕರಾವಳಿಯ ಮಳೆ, ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ, ಬಹುಪಾಲು ನಾಲ್ಕೇ ತಿಂಗಳಲ್ಲಿ ಸುರಿಯುತ್ತದೆ. ನಮ್ಮ ಹೊಳೆಗಳಾದರೋ ಗೋದಾವರಿ, ಕೃಷ್ಣೆಯರ ಹಾಗೆ ನಿಧಾನಸ್ಥರಲ್ಲ. ನೇತ್ರಾವತಿ ಘಟ್ಟದ ತಲೆಯಿಂದ ಕಡಲಿಗೆ ಹೋಗುವುದು ನೂರು ಕಿಲೋಮೀಟರಿನ ಆಸುಪಾಸು ಮಾತ್ರ. ಮಣ್ಣಿನಲ್ಲಿ, ಬಿಸಿಲಿನಲ್ಲಿ ಕೊಳೆತು ಮುರಿಯಬೇಕಾದ ವಿಷಕ್ಕೆ ಮುರಿಯಲು ಪುರಸೊತ್ತೇ ಇರುವುದಿಲ್ಲ. ಇವತ್ತು ತೋಟದಲ್ಲಿದ್ದದ್ದು ಎರಡು ದಿನ ಕಳೆದರೆ ಅಳಿವೆಬಾಗಿಲಲ್ಲಿ.

ಇಲ್ಲಿ ಒಂದು ಪದದ ಬಗ್ಗೆ ಹೇಳಬೇಕು. ಕತೆ ಬರೆಯುವವರಿಗೆ ಪದಗಳ ಚಟ ಬಿಡುವುದಿಲ್ಲ. ಕನ್ನಡದಲ್ಲಿ ನಾವು ಇದನ್ನು 'ಮದ್ದು' ಎನ್ನುತ್ತೇವೆ, 'ಔಷಧಿ ಹೊಡೆಯುವುದು' ಎನ್ನುತ್ತೇವೆ. ನಮ್ಮ ಮನೆಗಳ ಉರ್ದುವಿನಲ್ಲೂ ಅದು 'ದವಾ'. ಜ್ವರ ಬಂದ ಮಗುವಿಗೆ ಕುಡಿಸುವುದೂ ದವಾ, ಬದನೆಯ ಹುಳಕ್ಕೆ ಸಿಂಪಡಿಸುವುದೂ ದವಾ. ಸಾಲ ತೀರಿಸಲಾಗದ ರೈತನೊಬ್ಬ ಅದೇ ಡಬ್ಬವನ್ನು ಬಾಯಿಗೆ ಸುರಿದುಕೊಂಡ ಮರುದಿನ ಪತ್ರಿಕೆಯಲ್ಲಿ ಮಾತ್ರ 'ವಿಷ ಕುಡಿದು ಆತ್ಮಹತ್ಯೆ' ಎಂದು ಬರುತ್ತದೆ. ಡಬ್ಬ ಅದೇ, ಅಂಗಡಿ ಅದೇ. ವಿಷ ಎಂಬ ನಿಜ ಹೆಸರು ಅದಕ್ಕೆ ದಕ್ಕಲು ಒಬ್ಬ ಮನುಷ್ಯ ಸಾಯಬೇಕು. ಮೀನು ಸತ್ತರೆ ಸಾಲದು.

ಈ ಪ್ರಶ್ನೆ ಎತ್ತಿದಾಗಲೆಲ್ಲ ಸಿಗುವ ಉತ್ತರ ಒಂದೇ: ಕಡಲು ದೊಡ್ಡದು. ಎಕರೆಗೆ ಅರ್ಧ ಲೀಟರ್, ಒಂದು ಲೀಟರ್ ಮದ್ದು ಹೊಡೆದರೆ ಅರಬ್ಬಿ ಸಮುದ್ರಕ್ಕೆ ಏನಾಗುತ್ತದೆ? ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ! ಇದನ್ನು ಓದಿಲ್ಲದವರು ಹೇಳಿದರೆ ಸುಮ್ಮನಿರಬಹುದಿತ್ತು. ಕೃಷಿ ಪದವೀಧರರೂ, ಕೀಟನಾಶಕದ ವ್ಯಾಪಾರಿಗಳೂ, ಆಗಾಗ ವೇದಿಕೆಯ ಮೇಲಿನ ಮಂತ್ರಿಗಳೂ ಇದನ್ನೇ ಹೇಳುತ್ತಾರೆ. ಆದ್ದರಿಂದ ಈ ಹುಣಸೆಹಣ್ಣಿನ ಲೆಕ್ಕವನ್ನು ಒಮ್ಮೆ ಮಾಡಿಯೇಬಿಡೋಣ.

ನಮ್ಮವರಿಗೆ ಚೆನ್ನಾಗಿ ಪರಿಚಯವಿದ್ದ ಎಂಡೋಸಲ್ಫಾನನ್ನೇ ತೆಗೆದುಕೊಳ್ಳಿ. '35 ಇ.ಸಿ.' ಎಂದು ಬರೆದ ಒಂದು ಲೀಟರ್ ಡಬ್ಬದಲ್ಲಿ 350 ಗ್ರಾಂ ಎಂಡೋಸಲ್ಫಾನ್ ಇರುತ್ತಿತ್ತು. ಹಲವು ಜಾತಿಯ ಮೀನುಗಳಲ್ಲಿ ಅರ್ಧಕ್ಕರ್ಧ ನಾಲ್ಕು ದಿನದೊಳಗೆ ಸಾಯಲು ಒಂದು ಲೀಟರ್ ನೀರಿನಲ್ಲಿ ಒಂದು ಮೈಕ್ರೋಗ್ರಾಂ ಆಸುಪಾಸಿನಷ್ಟು ಇದ್ದರೆ ಸಾಕು. ಕೆಲವು ಸಿಗಡಿಗಳಿಗೆ ಅಷ್ಟೂ ಬೇಡ. ಲೀಟರಿಗೆ ಒಂದು ಮೈಕ್ರೋಗ್ರಾಂ ಎಂದರೆ ಹತ್ತು ಲಕ್ಷ ಲೀಟರಿಗೆ ಒಂದು ಗ್ರಾಂ. ಹಾಗಾದರೆ 350 ಗ್ರಾಮಿಗೆ 35 ಕೋಟಿ ಲೀಟರ್. ನೂರು ಮೀಟರ್ ಅಗಲ, ಮೂರೂವರೆ ಮೀಟರ್ ಆಳದ ಹೊಳೆಯೊಂದರಲ್ಲಿ ಒಂದು ಕಿಲೋಮೀಟರ್ ಉದ್ದಕ್ಕೆ ನಿಲ್ಲುವ ನೀರು ಅದು. ಒಂದು ಡಬ್ಬಕ್ಕೆ! ಹೊಡೆದದ್ದೆಲ್ಲ ಹೊಳೆಗೆ ಸೇರುವುದಿಲ್ಲ ನಿಜ. ನೂರರಲ್ಲಿ ಒಂದು ಪಾಲು ಸೇರಿತೆಂದರೂ ನೂರು ಡಬ್ಬಕ್ಕೆ ಒಂದು ಕಿಲೋಮೀಟರ್ ಹೊಳೆ. ಒಂದು ತಾಲೂಕಿನ ಅಂಗಡಿಗಳಲ್ಲಿ ಒಂದು ಹಂಗಾಮಿಗೆ ಎಷ್ಟು ಡಬ್ಬ ಮಾರಾಟವಾಗುತ್ತದೆ ಎಂಬುದು ಅಂಗಡಿಯವರಿಗೆ ಗೊತ್ತು.

ಅದೂ ಅಲ್ಲದೆ, ಕಡಲೆಂಬುದು ಸೌಟು ಹಾಕಿ ತಿರುಗಿಸಿದ ಒಂದು ಪಾತ್ರೆಯಲ್ಲ. ಮಳೆಗಾಲದ ಸಿಹಿನೀರು ಹಗುರ, ಉಪ್ಪುನೀರು ಭಾರ. ಹೊಳೆಯ ಕೆಂಪು ನೀರು ಕಡಲಿನ ಮೇಲೆ ಪದರವಾಗಿ ಹರಡಿ, ದಡದ ಬದಿಯಲ್ಲೇ ಬಹುದೂರ ಸಾಗುವುದನ್ನು ಅಳಿವೆಯ ಬಳಿ ನಿಂತ ಯಾರೂ ನೋಡಬಹುದು. ಇಂಥ ವಿಷಗಳಲ್ಲಿ ಅನೇಕಕ್ಕೆ ನೀರಿಗಿಂತ ಕೊಬ್ಬು ಇಷ್ಟ, ಜೇಡಿ ಇಷ್ಟ. ಅವು ಮಣ್ಣಿನ ಕಣಕ್ಕೆ ಅಂಟಿಕೊಂಡು ಬರುತ್ತವೆ. ಆ ಜೇಡಿಕಣಗಳು ಉಪ್ಪುನೀರು ತಾಗಿದ ಕೂಡಲೇ ಒಂದಕ್ಕೊಂದು ಹತ್ತಿಕೊಂಡು ಭಾರವಾಗಿ ತಳಕ್ಕೆ ಕೂರುತ್ತವೆ. ಎಲ್ಲಿ ಕೂರುತ್ತವೆ? ಅಳಿವೆಯಲ್ಲಿ. ಕಾಂಡ್ಲಾ ಬೇರುಗಳ ಸಂದಿಯಲ್ಲಿ, ಮರುವಾಯಿ ಹೂತುಕೊಂಡಿರುವ ಕೆಸರಿನಲ್ಲಿ, ಸಿಗಡಿಯ ಮರಿಗಳು ದೊಡ್ಡ ಕಡಲಿನಿಂದ ಬಂದು ಬೆಳೆಯುವ ಆ ತೊಟ್ಟಿಲಿನಲ್ಲಿ. ಕಡಲು ದೊಡ್ಡದೇ. ಆದರೆ ಕಡಲಿನ ತೊಟ್ಟಿಲು ಚಿಕ್ಕದು, ವಿಷ ಮೊದಲು ಹೋಗುವುದು ಅಲ್ಲಿಗೇ.

ಸಿಗಡಿ, ಏಡಿಗಳ ವಿಚಾರ ಇನ್ನೂ ಕಷ್ಟದ್ದು. ಅವು ಮೀನುಗಳಿಗಿಂತ ಹುಳುಗಳಿಗೆ ಹತ್ತಿರದ ನೆಂಟರು. ಮೈಯ ಹೊರಗೆ ಗಟ್ಟಿ ಕವಚ, ಗಂಟು ಗಂಟಾದ ಕಾಲು, ಆಗಾಗ ಪೊರೆ ಕಳಚಿ ಬೆಳೆಯುವ ರೀತಿ, ನರಗಳ ಕಟ್ಟು ಎಲ್ಲವೂ ಒಂದೇ ವಂಶದ್ದು. ಹುಳುವಿನ ನರವನ್ನು ಕೆಡಿಸಲೆಂದೇ ಕಾರ್ಖಾನೆಯಲ್ಲಿ ತಯಾರಾದ ವಸ್ತು ಸಿಗಡಿಯ ಎದುರು ಬಂದಾಗ ಇದು ಹುಳು, ಇದು ಸಿಗಡಿ ಎಂದು ಭೇದ ಮಾಡುತ್ತದೆಯೇ? ಇವತ್ತು 'ಸುರಕ್ಷಿತ' ಎಂದು ಮಾರುವ ಸಿಂಥೆಟಿಕ್ ಪೈರೆಥ್ರಾಯ್ಡುಗಳು ಮನುಷ್ಯನಿಗೆ ಅಷ್ಟಾಗಿ ಅಪಾಯ ಮಾಡದಿರಬಹುದು. ಸಿಗಡಿ, ಮೀನುಗಳಿಗೆ ಅವು ಹಳೆಯ ವಿಷಗಳಷ್ಟೇ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು ಘೋರ.

ಕಡಲು ಎಲ್ಲವನ್ನೂ ಕರಗಿಸಿಕೊಳ್ಳುತ್ತದೆ ಎಂಬ ನಂಬಿಕೆಯನ್ನು ಅಮೆರಿಕದವರು ನಮಗಿಂತ ಮೊದಲೇ ಪರೀಕ್ಷಿಸಿ ನೋಡಿದ್ದಾರೆ. ಲಾಸ್ ಏಂಜಲೀಸಿನ ಡಿ.ಡಿ.ಟಿ. ಕಾರ್ಖಾನೆಯೊಂದರ ಕೊಳೆ ದಶಕಗಳ ಕಾಲ ನಗರದ ಚರಂಡಿಯ ಮೂಲಕ ಪೆಸಿಫಿಕ್ ಸಾಗರಕ್ಕೆ ಹೋಯಿತು. ಪೆಸಿಫಿಕ್ಕಿಗಿಂತ ದೊಡ್ಡ ಕಡಲು ಈ ಭೂಮಿಯ ಮೇಲಿಲ್ಲ. 1970ರಲ್ಲಿ ಅಲ್ಲಿನ ಅನಕಾಪಾ ದ್ವೀಪದಲ್ಲಿ ಹೆಜ್ಜಾರ್ಲೆಗಳು ಐನೂರಕ್ಕೂ ಹೆಚ್ಚು ಗೂಡು ಕಟ್ಟಿದವು. ಬದುಕಿ ಹೊರಬಂದದ್ದು ಒಂದೇ ಒಂದು ಮರಿ. ಮೀನಿನ ಮೂಲಕ ತಾಯಿಹಕ್ಕಿಯ ಮೈಸೇರಿದ ಡಿ.ಡಿ.ಟಿ. ಮೊಟ್ಟೆಯ ಚಿಪ್ಪನ್ನು ಎಷ್ಟು ತೆಳುವಾಗಿಸಿತ್ತೆಂದರೆ ಕಾವಿಗೆ ಕೂತ ತಾಯಿಯ ಭಾರಕ್ಕೇ ಒಡೆಯುತ್ತಿದ್ದವು. 1972ರಲ್ಲಿ ಅಲ್ಲಿ ಡಿ.ಡಿ.ಟಿ. ನಿಷೇಧವಾಯಿತು. ಅರ್ಧ ಶತಮಾನದ ಮೇಲೂ ಟನ್ನುಗಟ್ಟಲೆ ಡಿ.ಡಿ.ಟಿ. ಆ ಕಡಲತಳದ ಕೆಸರಿನಲ್ಲಿ ಉಳಿದಿದೆ.

ಇನ್ನು ನಮ್ಮ ಮನೆಬಾಗಿಲಿಗೆ ಬರೋಣ. ಕಾಸರಗೋಡಿನ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ನಮ್ಮ ಬೆಳ್ತಂಗಡಿಯ ಕೊಕ್ಕಡ, ಪಟ್ರಮೆ, ನಿಡ್ಲೆಗಳ ಕಡೆಯೂ ಗೇರು ನಿಗಮದ ತೋಟಗಳಿಗೆ ಅದೇ ಸೇವೆಯಾಯಿತು. ಪಡ್ರೆ ಗ್ರಾಮದ ಕರುಗಳ ಸೊಟ್ಟ ಕಾಲುಗಳ ಬಗ್ಗೆ ಶ್ರೀ ಪಡ್ರೆಯವರು ಬಹಳ ಮೊದಲೇ ಬರೆದರು. ವಾಣಿನಗರದ ವೈದ್ಯ ಡಾ. ವೈ.ಎಸ್. ಮೋಹನ ಕುಮಾರ್ ತಮ್ಮಲ್ಲಿಗೆ ಬರುವ ರೋಗಿಗಳ ಲೆಕ್ಕವಿಟ್ಟು ಕೂಗಿ ಹೇಳಿದರು. ಲೀಲಾಕುಮಾರಿ ಅಮ್ಮ 1998ರಲ್ಲಿ ಕೋರ್ಟಿಗೆ ಹೋದರು. ಕೊನೆಗೆ 2011ರ ಏಪ್ರಿಲಿನಲ್ಲಿ ಜಿನೀವಾದಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ ಎಂಡೋಸಲ್ಫಾನ್ ಸೇರಿತು, ಮೇ 13ರಂದು ನಮ್ಮ ಸುಪ್ರೀಂ ಕೋರ್ಟು ತಯಾರಿಕೆಯನ್ನೂ ಮಾರಾಟವನ್ನೂ ತಡೆಯಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ ಐದು ಲಕ್ಷ ಕೊಡಿ ಎಂದು ಕೇರಳಕ್ಕೆ ಹೇಳಿದ ಅದೇ ಕೋರ್ಟು, ಹಣ ತಲುಪಲಿಲ್ಲವೆಂದು 2022ರಲ್ಲಿ ಮತ್ತೆ ಗದರಬೇಕಾಯಿತು.

ಈ ಹೋರಾಟದ ಬಗ್ಗೆ ನಮಗೆ ಅಪಾರ ಗೌರವವಿದೆ. ಆದರೆ ಆ ಇಡೀ ಚರ್ಚೆಯಲ್ಲಿ ಗುಡ್ಡ ಬಂತು, ತೋಡು ಬಂತು, ಬಾವಿ ಬಂತು, ತಾಯಿಯ ಹಾಲು ಬಂತು. ಕಡಲಿನ ಹೆಸರು ಕೇಳಿಬಂದದ್ದು ಅಪರೂಪ. ಕಾಸರಗೋಡಿನ ಗುಡ್ಡಗಳ ನೀರು ತೋಡು, ಹೊಳೆಗಳನ್ನು ಹಿಡಿದು ಹೋಗುವುದು ಒಂದೇ ಕಡೆಗೆ. ಇಪ್ಪತ್ತು ಚಿಲ್ಲರೆ ಮಳೆಗಾಲ ಆ ಗುಡ್ಡಗಳನ್ನು ತೊಳೆದಿದೆ. ತೊಳೆದ ನೀರು ಕಡಲು ಮುಟ್ಟಿದ ಕೂಡಲೇ ನಮ್ಮ ಲೆಕ್ಕದ ಪುಸ್ತಕ ಮುಚ್ಚುತ್ತದೆ. ಎಂಡೋಸಲ್ಫಾನ್ ಮುರಿದಾಗ ಹುಟ್ಟುವ ಎಂಡೋಸಲ್ಫಾನ್ ಸಲ್ಫೇಟು ಅದರಷ್ಟೇ ವಿಷಕಾರಿ, ಅದಕ್ಕಿಂತ ಹೆಚ್ಚು ಕಾಲ ಬಾಳುವಂಥದ್ದು. ಅದು ಮಾತ್ರ ಪುಸ್ತಕ ಮುಚ್ಚಿತೆಂದು ಸುಮ್ಮನಾಗುವುದಿಲ್ಲ.

ಬೋರ್ಡೋ ದ್ರಾವಣದ ವಿಷಯ ತೆಗೆದರೆ ಅಡಿಕೆ ಬೆಳೆಯುವ ಗೆಳೆಯರು ಮುನಿಸಿಕೊಳ್ಳುತ್ತಾರೆ. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಶತಮಾನದ ಹಿಂದೆ ಮೈಸೂರು ಸಂಸ್ಥಾನದಲ್ಲಿದ್ದ ಲೆಸ್ಲಿ ಕೋಲ್‌ಮನ್ ಕೊಳೆರೋಗಕ್ಕೆ ಇದನ್ನು ಬಳಸಿ ತೋರಿಸಿದಾಗಿನಿಂದ ತೋಟದವರ ಪಾಲಿಗೆ ಇದು ವಿಷವೇ ಅಲ್ಲ. ಮರ ಉಳಿಸಿದ ಆ ಉಪಕಾರವನ್ನು ನಾವೂ ಅಲ್ಲಗಳೆಯುವುದಿಲ್ಲ. ಆದರೆ ಒಂದು ಕಿಲೋ ಮೈಲುತುತ್ತಿನಲ್ಲಿ ಕಾಲು ಕಿಲೋ ತಾಮ್ರವಿದೆ. ತಾಮ್ರ ಮೂಲವಸ್ತು, ಅದು ಕೊಳೆಯುವುದಿಲ್ಲ, ಮುರಿಯುವುದಿಲ್ಲ, ಜಾಗ ಬದಲಿಸುತ್ತದೆ ಅಷ್ಟೆ. ಚಿಪ್ಪುಮೀನಿನ ಮರಿಗಳಿಗೆ ಲೀಟರಿಗೆ ಕೆಲವೇ ಮೈಕ್ರೋಗ್ರಾಂ ತಾಮ್ರವೂ ಕೇಡು. ನಂಬಿಕೆಯಾಗದಿದ್ದರೆ ಬೋಟಿನ ಅಡಿಗೆ ಬಳಿಯುವ ಬಣ್ಣದ ಡಬ್ಬ ನೋಡಿ. ಚಿಪ್ಪಿನ ಜೀವಿಗಳು ಅಂಟದಿರಲೆಂದು ಅದರಲ್ಲಿ ಹಾಕುವುದು ತಾಮ್ರವನ್ನೇ. ಅದಕ್ಕೂ ಮುಂಚೆ ಟಿ.ಬಿ.ಟಿ. ಎಂಬ ತವರದ ವಿಷವಿತ್ತು. ಹೆಣ್ಣು ಶಂಖದ ಹುಳುಗಳಿಗೆ ಗಂಡಿನ ಅಂಗ ಮೂಡುವಷ್ಟು ಕೆಡುಕು ಮಾಡಿದ್ದರಿಂದ 2008ರಲ್ಲಿ ಜಾರಿಗೆ ಬಂದ ಅಂತರರಾಷ್ಟ್ರೀಯ ಒಪ್ಪಂದ ಅದನ್ನು ಹಡಗುಗಳಿಂದ ಇಳಿಸಿತು. ಬೋಟಿನವರೂ ಈ ವಿಷಯದಲ್ಲಿ ಹಾಲು ಕುಡಿದ ಮಕ್ಕಳಲ್ಲ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇವೆ.

ಶಿರಸಿ, ಸಿದ್ದಾಪುರಗಳ ಅಡಿಕೆ ಸೀಮೆಯಿಂದ ಇಳಿಯುವ ಅಘನಾಶಿನಿಗೆ ಅಣೆಕಟ್ಟಿಲ್ಲ. ಕುಮಟೆಯ ಬಳಿ ಅದರ ಅಳಿವೆಯಲ್ಲಿ ನೀರಿಳಿದ ಹೊತ್ತು ಹೆಂಗಸರು, ಗಂಡಸರು ಸೊಂಟಮಟ್ಟ ನಿಂತು ಬಳಚು ಹೆಕ್ಕುತ್ತಾರೆ. ಪಕ್ಕದ ಗಜನಿ ಗದ್ದೆಗಳಲ್ಲಿ ಉಪ್ಪುನೀರಿಗೂ ಜಗ್ಗದ ಕಗ್ಗ ಭತ್ತ. ಅದಕ್ಕೆ ಗೊಬ್ಬರವೂ ಬೇಡ, ಮದ್ದೂ ಬೇಡ. 2024ರಲ್ಲಿ ಈ ಅಳಿವೆ ರಾಮ್ಸಾರ್ ಪಟ್ಟಿಗೆ ಸೇರಿತು. ಪಟ್ಟಿಗೆ ಸೇರಿದ್ದು ಅಳಿವೆ. ಅದಕ್ಕೆ ನೀರು ಕೊಡುವ ತೋಟ, ತೋಟಕ್ಕೆ ಮದ್ದು ಕೊಡುವ ಅಂಗಡಿ ಯಾವ ಪಟ್ಟಿಯಲ್ಲೂ ಇಲ್ಲ.

ಕಾನೂನೇ ಇಲ್ಲವೆಂದು ಭಾವಿಸಬೇಡಿ. 1958ರಲ್ಲಿ ಹಡಗಿನಲ್ಲಿ ಗೋಧಿಹಿಟ್ಟಿನ ಜೊತೆಗೇ ಬಂದ ಪ್ಯಾರಾಥಿಯಾನ್ ವಿಷ ಹಿಟ್ಟಿಗೆ ಸೋರಿ, ಕೇರಳದಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು. ಆ ಸಾವುಗಳಿಂದ ಹುಟ್ಟಿದ್ದು 1968ರ ಕೀಟನಾಶಕ ಕಾಯ್ದೆ. ಮನುಷ್ಯರಿಗೂ ಪ್ರಾಣಿಗಳಿಗೂ ಆಗುವ ಅಪಾಯ ತಡೆಯುವುದು ಅದರ ಉದ್ದೇಶ. ಅದರ 3ನೆಯ ಕಲಮಿನಲ್ಲಿ 'ಪ್ರಾಣಿ' ಎಂಬ ಪದಕ್ಕೆ ಅರ್ಥ ಹೇಳುವಾಗ ಮೀನನ್ನು ಹೆಸರು ಹಿಡಿದು ಸೇರಿಸಲಾಗಿದೆ! ಕಾಯ್ದೆ ಬರೆದವರಿಗೆ ಮೀನಿನ ನೆನಪಿತ್ತು. ನಡೆಸುವವರಿಗೆ ಎಲ್ಲಿ ಮರೆತುಹೋಯಿತು? ಡಬ್ಬದ ಮೇಲೆ ಕೆಂಪು, ಹಳದಿ, ನೀಲಿ, ಹಸಿರು ಬಣ್ಣದ ಗುರುತು ನೋಡಿರುತ್ತೀರಿ. ಆ ಬಣ್ಣ ನಿರ್ಧಾರವಾಗುವುದು ಇಲಿಯಂಥ ಪ್ರಯೋಗದ ಪ್ರಾಣಿಗಳು ಎಷ್ಟು ವಿಷಕ್ಕೆ ಸಾಯುತ್ತವೆ ಎಂಬ ಲೆಕ್ಕದಿಂದ. ಇಲಿಯ ತೀರ್ಪು ಕಣ್ಣಿಗೆ ಕುಕ್ಕುವ ಬಣ್ಣದಲ್ಲಿ; ಮೀನಿನ ವಿಷಯ ಇದ್ದರೆ ಜೊತೆಗಿಟ್ಟ ಮಡಚಿದ ಕಾಗದದ ಇರುವೆಯಂಥ ಅಕ್ಷರಗಳಲ್ಲಿ. ಕೃಷಿ ಇಲಾಖೆಯ ಸೀಮೆ ಗದ್ದೆಯ ಬದುವಿಗೆ ಮುಗಿಯುತ್ತದೆ. ಮೀನುಗಾರಿಕೆ ಇಲಾಖೆಯ ಕಣ್ಣು ಬಲೆಯ ಕಣ್ಣಿನ ಅಳತೆ ಮೇಲೆ. ನಡುವಿನ ಹೊಳೆ ಯಾರ ಇಲಾಖೆ?

ಬೆಲೆ ತೆರುವವರು ಯಾರು ಎಂದು ತಿಳಿಯಬೇಕಾದರೆ ಫ್ರಾನ್ಸಿನ ಹಿಡಿತದಲ್ಲಿರುವ ಕೆರೀಬಿಯನ್ ದ್ವೀಪಗಳಾದ ಮಾರ್ಟಿನಿಕ್, ಗ್ವಾಡೆಲೂಪ್‌ಗಳ ಕಡೆ ನೋಡಬೇಕು. ಬಾಳೆಯ ಗೆಡ್ಡೆ ಕೊರೆಯುವ ಹುಳಕ್ಕೆ ಅಲ್ಲಿ 1972ರಿಂದ ಕ್ಲೋರ್ಡೆಕೋನ್ ಹಾಕಿದರು. 1975ರಲ್ಲಿ ಅಮೆರಿಕದ ವರ್ಜೀನಿಯಾದಲ್ಲಿ ಅದೇ ವಿಷ ತಯಾರಿಸುವ ಕಡೆ ಕೆಲಸಗಾರರು ಕೈಕಾಲು ನಡುಗಿ ಮಲಗಿ, ಕಾರ್ಖಾನೆ ಮುಚ್ಚಿತು. ಜೇಮ್ಸ್ ನದಿಯಲ್ಲಿ ಮೀನು ಹಿಡಿಯುವುದು ವರ್ಷಗಟ್ಟಲೆ ನಿಂತಿತು. ಇಷ್ಟಾದ ಮೇಲೂ ಫ್ರಾನ್ಸ್ ಸರ್ಕಾರ 1981ರಲ್ಲಿ ಮತ್ತೆ ಅನುಮತಿ ಕೊಟ್ಟಿತು. 1990ರಲ್ಲಿ ನಿಷೇಧಿಸಿದಾಗಲೂ ದ್ವೀಪಗಳಿಗೆ 1993ರ ತನಕ ವಿನಾಯಿತಿ. ಬಾಳೆ ತೋಟಗಳ ಒಡೆತನ ಹಳೆಯ ಬಿಳಿ ಜಮೀನ್ದಾರರದ್ದು, ಮೈಗೆ ವಿಷ ಮೆತ್ತಿಸಿಕೊಂಡದ್ದು ಗುಲಾಮರಾಗಿ ತಂದವರ ಮೊಮ್ಮಕ್ಕಳು. ಇವತ್ತು ಆ ದ್ವೀಪಗಳ ವಯಸ್ಕರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿಯ ರಕ್ತದಲ್ಲಿ ಕ್ಲೋರ್ಡೆಕೋನ್ ಇದೆ. ವಿಷ ಹೊಳೆ ಹಿಡಿದು ಕಡಲಿಗಿಳಿದಾಗ ಸರ್ಕಾರ ಏನು ಮಾಡಿತು? ದಡದ ಬದಿಯ ಕಡಲಿನಲ್ಲಿ ಮೀನು, ಸಿಗಡಿ ಹಿಡಿಯುವುದನ್ನು ನಿಷೇಧಿಸಿತು. ಸಣ್ಣ ದೋಣಿಯವರ ಪಾತ್ರೆಗೆ ಕಲ್ಲು ಬಿತ್ತು. 2023ರ ಜನವರಿಯಲ್ಲಿ ಪ್ಯಾರಿಸ್ಸಿನ ನ್ಯಾಯಾಧೀಶರು ಹಗರಣ ನಡೆದದ್ದು ಹೌದು ಎನ್ನುತ್ತಲೇ ಯಾರ ಮೇಲೂ ಮೊಕದ್ದಮೆ ನಡೆಸುವಂತಿಲ್ಲವೆಂದು ಕಡತ ಮುಚ್ಚಿದರು.

ವಿಷ ಹಾಕಿದವರಿಗೆ ವಿನಾಯಿತಿ, ಮೀನು ಹಿಡಿಯುವವರಿಗೆ ನಿಷೇಧ. ನಮ್ಮ 61 ದಿನಗಳ ಲೆಕ್ಕ ಇದಕ್ಕಿಂತ ಬಹಳ ಬೇರೆಯೇನಲ್ಲ. 2025ರಲ್ಲಿ ಕ್ಲೋರ್‌ಪೈರಿಫಾಸ್ ಕೂಡ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ ಸೇರಿತು, ವಿನಾಯಿತಿಗಳ ಉದ್ದನೆಯ ಬಾಲದೊಂದಿಗೆ. ಬಲೆಗೆ ಇಂಥ ಒಂದು ಬಾಲವನ್ನು ಯಾರೂ ಕೊಟ್ಟದ್ದಿಲ್ಲ.

ಇಷ್ಟು ಓದಿದ ಕೆಲವರು, 'ಹಾಗಾದರೆ ಮೀನು ತಿನ್ನುವುದೇ ಬಿಡಿ' ಎಂದು ಉಪದೇಶಕ್ಕೆ ಸಿದ್ಧರಾಗುತ್ತಾರೆಂದು ನಮಗೆ ಗೊತ್ತು. ಬಡವರ ತಟ್ಟೆಯ ಮೇಲೆ ಕಣ್ಣಿಡುವವರಿಗೆ ನಮ್ಮಲ್ಲಿ ಬರವಿಲ್ಲ. ಅವರಿಗೆ ನಮ್ಮ ಉತ್ತರ ಇದು: ಬೂತಾಯಿ, ಬಂಗುಡೆಗಳು ಕೆಲವೇ ವರ್ಷ ಬದುಕುವ, ಸಣ್ಣ ಜೀವಿಗಳನ್ನು ತಿನ್ನುವ ಮೀನುಗಳು; ಇಂಥ ವಿಷ ಹೆಚ್ಚಾಗಿ ಗುಡ್ಡೆಯಾಗುವುದು ಮೀನು ತಿಂದು ಬೆಳೆಯುವ ದೊಡ್ಡ ಮೀನುಗಳಲ್ಲಿ. ನೂರು ರೂಪಾಯಿಯ ಬೂತಾಯಿ ಹಿಡಿದು ಮನೆಗೆ ಹೋಗುವ ಕೂಲಿಯವನನ್ನು ಹೆದರಿಸಬೇಡಿ. ಆ ಮಕ್ಕಳಿಗೆ ಸಿಗುವ ಒಳ್ಳೆಯ ಆಹಾರ ಅದೊಂದೇ. ಬೂತಾಯಿ ಕಡಿಮೆಯಾದ ವರ್ಷಗಳಿಗೆಲ್ಲ ಕೀಟನಾಶಕವೇ ಕಾರಣ ಎಂದೂ ನಾವು ಹೇಳುವುದಿಲ್ಲ. ಕಡಲು ಬಿಸಿಯಾಗುವುದಿದೆ, ಮಿತಿಮೀರಿ ಬಾಚುವುದಿದೆ. ಯುರೋಪಿಗೋ ಜಪಾನಿಗೋ ಹೋಗುವ ಸಾಕಿದ ಸಿಗಡಿಯಲ್ಲಿ ವಿಷದ ಉಳಿಕೆ ಪರೀಕ್ಷಿಸುವ ವ್ಯವಸ್ಥೆಯನ್ನು ಇದೇ ಸರ್ಕಾರ ಕಟ್ಟಿ ನಡೆಸುತ್ತದೆ. ಆ ಯಂತ್ರಗಳನ್ನು ನಮ್ಮ ಅಳಿವೆಯ ಕೆಸರಿನ ಕಡೆ ತಿರುಗಿಸಿ ಎನ್ನುವುದು ದೊಡ್ಡ ಬೇಡಿಕೆಯೇ?

ಉರ್ದುವಿನಲ್ಲಿ 'ನೇಕಿ ಕರ್, ದರಿಯಾ ಮೇಂ ಡಾಲ್' ಎಂದೊಂದು ಗಾದೆಯಿದೆ. ಒಳ್ಳೆಯದನ್ನು ಮಾಡು, ಮಾಡಿದ್ದನ್ನು ಹೊಳೆಗೆ ಹಾಕಿ ಮರೆತುಬಿಡು ಎಂದು ಅದರ ಅರ್ಥ. ನಾವು ನೇಕಿಯನ್ನು ಕಲ್ಲಿನ ಮೇಲೆ ಕೆತ್ತಿಸಿಕೊಂಡು, ಬದಿಯನ್ನು, ಅಂದರೆ ಕೆಟ್ಟದ್ದನ್ನು, ಹೊಳೆಗೆ ಹಾಕಿ ಮರೆಯುತ್ತಿದ್ದೇವೆ.

ಅಡಿಕೆಯವರನ್ನು ಜೈಲಿಗೆ ಹಾಕಿ ಎಂದು ನಾವು ಕೇಳುತ್ತಿಲ್ಲ. ಮರವೇರಿ ಮದ್ದು ಬಿಡುವವನ ಮೈಮೇಲೆ ಬೀಳುವ ನೀಲಿ ಹನಿಗೂ ಅಳಿವೆಯ ಬಳಚಿಗೂ ಜಗಳವೇನಿಲ್ಲ, ಇಬ್ಬರೂ ಒಂದೇ ಸಾಲಿನಲ್ಲಿರುವವರು. ಮಳೆಗಾಲದಲ್ಲಿ ಹೊಳೆಯ ದಡದಿಂದ ಇಷ್ಟು ದೂರದೊಳಗೆ ಯಾವ ಮದ್ದನ್ನೂ ಬಿಡಕೂಡದೆಂಬ ನಿಯಮ ಬರಲಿ. ಪೈರೆಥ್ರಾಯ್ಡಿನ ಡಬ್ಬದ ಮೇಲೆ ಇಲಿಯ ಬಣ್ಣದ ಪಕ್ಕದಲ್ಲೇ ಒಂದು ಮೀನಿನ ಚಿತ್ರ ಅಷ್ಟೇ ದೊಡ್ಡದಾಗಿ ಬರಲಿ. ಅಂಗಡಿಗಳು ಯಾವ ತಾಲೂಕಿಗೆ ಎಷ್ಟು ಮಾರಿದವೆಂಬ ಲೆಕ್ಕ ಕೃಷಿ ಇಲಾಖೆಯಿಂದ ಮೀನುಗಾರಿಕೆ ಇಲಾಖೆಗೆ ಪ್ರತಿವರ್ಷ ಹೋಗಲಿ. ಎರಡರ ಕಚೇರಿಗಳೂ ಒಂದೇ ಊರಿನಲ್ಲಿವೆ, ಬಸ್ಸಿನ ಖರ್ಚೂ ಇಲ್ಲ. ಮತ್ತೆ, ಆಗಸ್ಟ್ 1ರಂದು ಬೋಟುಗಳು ಹೊರಡುವ ಮೊದಲು ನೇತ್ರಾವತಿ, ಫಲ್ಗುಣಿಗಳು ಕೂಡುವ ಅಳಿವೆಯಿಂದ, ಅಘನಾಶಿನಿಯಿಂದ, ಉಳಿದ ಹೊಳೆಗಳ ಬಾಯಿಯಿಂದ ಕೆಸರು, ಮರುವಾಯಿ, ಸಿಗಡಿ ತೆಗೆದು ಪರೀಕ್ಷೆ ಮಾಡಿಸಲಿ. ಬಂದ ಫಲಿತಾಂಶವನ್ನು ಬೆಂಗಳೂರಿನ ಕಡತಕ್ಕೆ ಸೇರಿಸುವ ಮುಂಚೆ ಆಯಾ ಊರಿನ ದಕ್ಕೆಯ ಗೋಡೆಗೆ, ಬುಟ್ಟಿಯ ಹೆಂಗಸರಿಗೂ ಓದಿ ಹೇಳಬಹುದಾದ ಕನ್ನಡದಲ್ಲಿ ಅಂಟಿಸಲಿ.